ಕಂದಿದ ಡಯಲ್‌ಗೆ ಬೆಲೆ ಬರುವುದು ಹೇಗೆ

ಕೀ ಕೊಡುವ ಹಳೆಯ ವಾಚೊಂದನ್ನು ಬಿಚ್ಚಿ, ಅದರ ಭಾಗಗಳನ್ನು ಬಿಳಿ ಕಾಗದದ ಮೇಲೆ ಒಂದೊಂದಾಗಿ ಹರಡಿದರೆ, ಅವುಗಳಲ್ಲಿ ಬಹುಪಾಲಿಗೆ ಏನಾದರೊಂದು ಮದ್ದು ಇದ್ದೇ ಇರುತ್ತದೆ. ಸ್ಪ್ರಿಂಗ್ ತುಂಡಾಗಿದ್ದರೆ ಬೇರೆಯದನ್ನು ಹಾಕಬಹುದು. ಎಣ್ಣೆ ಅಂಟಾಗಿದ್ದರೆ ಚಕ್ರಗಳನ್ನು ತೊಳೆದು ಹೊಸ ಎಣ್ಣೆ ಬಿಡಬಹುದು. ಗೀರು ಬಿದ್ದ ಅಕ್ರಿಲಿಕ್ ಗಾಜನ್ನು ಉಜ್ಜಿ ಹೊಳಪು ತರಬಹುದು, ಇಲ್ಲವೇ ಬದಲಿಸಿಬಿಡಬಹುದು. ಮದ್ದಿಲ್ಲದ ಭಾಗವೆಂದರೆ ಡಯಲ್. ಅರ್ಧ ಮಿಲಿಮೀಟರಿನ ಆಸುಪಾಸಿನ ಹಿತ್ತಾಳೆಯ ತಗಡು, ಅದರ ಮೇಲೆ ಕೂದಲೆಳೆಗಿಂತ ತೆಳುವಾದ ಬೆಳ್ಳಿಯ ಲೇಪವೋ ಬಣ್ಣವೋ, ಅದರ ಮೇಲೆ ಅಚ್ಚೊತ್ತಿದ ಅಕ್ಷರಗಳು, ಎಲ್ಲದರ ಮೇಲೆ ಒಂದು ಪದರ ಪಾರದರ್ಶಕ ವಾರ್ನಿಶ್, ಇಷ್ಟೇ ಅದರ ಮೈಕಟ್ಟು. ಒಂದು ಪದರವನ್ನು ಸರಿಪಡಿಸಲು ಹೋದರೆ ಇನ್ನೊಂದು ಕಿತ್ತು ಬರುತ್ತದೆ. ಆದ್ದರಿಂದಲೇ ಐವತ್ತು, ಅರವತ್ತು ವರ್ಷ ಹಳೆಯ ವಾಚಿಗೆ ಬೆಲೆ ಕಟ್ಟಲು ಕುಳಿತವರು ಮೊದಲು ಭೂತಗನ್ನಡಿ ಹಿಡಿಯುವುದು ಡಯಲ್ ಮೇಲೆ. ಯಂತ್ರದ ಸರದಿ ಆಮೇಲೆ ಬರುತ್ತದೆ.

ಹೊಸದರಂತೆ ಉಳಿದ ಡಯಲ್‌ಗೆ ಹೆಚ್ಚು ಬೆಲೆ, ಮಾಸಿದ್ದಕ್ಕೆ ಕಡಿಮೆ ಬೆಲೆ ಇರಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ, ಮತ್ತು ಬಹುಪಾಲು ವಾಚುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಮೂಲದಲ್ಲಿ ಕಪ್ಪಾಗಿದ್ದ ಡಯಲ್ ಈಗ ಕಾಫಿ ಬಣ್ಣಕ್ಕೆ ತಿರುಗಿರುವ 1960ರ ದಶಕದ ರೋಲೆಕ್ಸ್ ಸಬ್‌ಮರೀನರ್, ಕಪ್ಪಾಗಿಯೇ ಉಳಿದ ತನ್ನ ಜೊತೆಯ ವಾಚಿಗಿಂತ ಹೆಚ್ಚಿನ ಬೆಲೆಗೆ ಹೋಗುತ್ತದೆ. ಅದೇ ಕಾಲದ ಬೆಳ್ಳಿ ಬಣ್ಣದ ಡಯಲ್‌ನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಂದು ಕಲೆಗಳು ನಾಲ್ಕು ಕಂಡರೆ ಸಾಕು, ಕೊಳ್ಳುವವರು ಚೌಕಾಸಿಗೆ ಇಳಿಯುತ್ತಾರೆ. ಎರಡೂ ಮುಪ್ಪಿನ ಗುರುತುಗಳೇ. ಒಂದಕ್ಕೆ ಮರ್ಯಾದೆ, ಇನ್ನೊಂದಕ್ಕೆ ರಿಯಾಯಿತಿ. ಇದನ್ನು ಕೇವಲ ಶ್ರೀಮಂತರ ಖಯಾಲಿ ಎಂದು ತಳ್ಳಿಹಾಕುವವರು ಇದ್ದಾರೆ. ನನಗೆ ಹಾಗೆನಿಸುವುದಿಲ್ಲ. ಸಂಗ್ರಾಹಕರು ಹಣ ತೆರುವುದು ಸಾಕ್ಷ್ಯಕ್ಕೆ. ಡಯಲ್ ತಾನಾಗಿ, ಸಮನಾಗಿ, ಯಾರ ಕೈಯೂ ತಾಗದೆ ಬದಲಾಗಿದೆ ಎಂದು ಖಾತ್ರಿ ಕೊಡುವ ಮುಪ್ಪು ಬೆಲೆಯನ್ನು ಏರಿಸುತ್ತದೆ. ನೀರು ಹೊಕ್ಕಿದೆ, ಯಾರೋ ಉಜ್ಜಿದ್ದಾರೆ, ಇನ್ಯಾರೋ ಮೇಲೆ ಬಣ್ಣ ಬಳಿದಿದ್ದಾರೆ ಎಂದು ಬಾಯಿಬಿಡುವ ಮುಪ್ಪು ಬೆಲೆಯನ್ನು ಇಳಿಸುತ್ತದೆ. ಈ ಸೂತ್ರವನ್ನು ಹಿಡಿದು ಹೊರಟರೆ ಡಯಲ್‌ನ ಒಂದೊಂದು ಬದಲಾವಣೆಗೂ ಮಾರುಕಟ್ಟೆ ಕಟ್ಟುವ ಬೆಲೆ ಅರ್ಥವಾಗುತ್ತ ಹೋಗುತ್ತದೆ.

ಕಪ್ಪು ಕಂದುವ ಬಗೆಯನ್ನೇ ಮೊದಲು ನೋಡೋಣ. 1950ರ ದಶಕದಿಂದ 60ರ ದಶಕದ ಮಧ್ಯದವರೆಗೆ ಬಂದ ಹೊಳಪಿನ ಕಪ್ಪು ಡಯಲ್‌ಗಳಲ್ಲಿ ಹಲವನ್ನು ಗಿಲ್ಟ್ ಡಯಲ್ ಎಂದು ಕರೆಯುತ್ತಾರೆ. ಅವುಗಳಲ್ಲಿ ಬಂಗಾರದ ಬಣ್ಣದಲ್ಲಿ ಮಿನುಗುವ ಅಕ್ಷರಗಳನ್ನು ಮೇಲಿನಿಂದ ಅಚ್ಚು ಹಾಕಿರುವುದಿಲ್ಲ. ಹಿತ್ತಾಳೆಯ ಬಿಲ್ಲೆಯ ಮೇಲೆ ಅಕ್ಷರಗಳ ಜಾಗವನ್ನು ಮೊದಲು ಒಂದು ರಕ್ಷಕ ಪದರದಿಂದ ಮುಚ್ಚಿ, ಉಳಿದ ಜಾಗಕ್ಕೆ ವಿದ್ಯುತ್ ಲೇಪನದ ತೊಟ್ಟಿಯಲ್ಲಿ ಕಪ್ಪು ಏರಿಸಿ, ಆಮೇಲೆ ಆ ರಕ್ಷಕ ಪದರವನ್ನು ತೊಳೆದು ತೆಗೆದರೆ, ಕಪ್ಪಿನ ನಡುವೆ ಬರಿಯ ಹಿತ್ತಾಳೆಯೇ ಅಕ್ಷರವಾಗಿ ಇಣುಕುತ್ತದೆ. ಕೊನೆಗೆ ಎಲ್ಲದರ ಮೇಲೆ ಲ್ಯಾಕರ್ ಎಂಬ ಪಾರದರ್ಶಕ ಲೇಪ ಬೀಳುತ್ತದೆ. ಈ ಕಪ್ಪು ಪದರವೂ ಲ್ಯಾಕರೂ ದಶಕಗಳ ಕಾಲ ಬಿಸಿಲಿನ ನೇರಳಾತೀತ ಕಿರಣಗಳನ್ನೂ ಸೆಕೆಯನ್ನೂ ತಡೆದುಕೊಳ್ಳುವಷ್ಟು ಗಟ್ಟಿಯಾಗಿರಲಿಲ್ಲ. ನಿಧಾನವಾಗಿ ಕಪ್ಪು ಬಣ್ಣ ಕೆಂಗಂದಿಗೆ, ಅಲ್ಲಿಂದ ಚಾಕೊಲೇಟ್ ಬಣ್ಣಕ್ಕೆ, ಅಪರೂಪಕ್ಕೆ ಜೇನಿನ ಬಣ್ಣಕ್ಕೂ ತಿರುಗಿತು. ಉಷ್ಣವಲಯದ ಬಿಸಿಲಿನಲ್ಲಿ ತೊಟ್ಟ ವಾಚುಗಳು ಹೀಗಾಗುತ್ತವೆ ಎಂಬ ನಂಬಿಕೆಯಿಂದ ಇದಕ್ಕೆ ಟ್ರಾಪಿಕಲ್ ಡಯಲ್ ಎಂಬ ಹೆಸರು ಅಂಟಿತು. ಹೆಸರು ಪೂರ್ತಿ ಸರಿಯಿಲ್ಲ. ಜೀವಮಾನವಿಡೀ ಕಡಲ ತೀರದಲ್ಲಿ ತೊಟ್ಟರೂ ಕಪ್ಪಾಗಿಯೇ ಉಳಿದ ವಾಚುಗಳಿವೆ, ತಂಪು ದೇಶದಲ್ಲಿದ್ದೂ ಕಂದಿದವು ಇವೆ. ಬಿಸಿಲಿನಷ್ಟೇ ಪಾತ್ರ ಒಂದೇ ಸಲಕ್ಕೆ ತಯಾರಾದ ಡಯಲ್‌ಗಳಿಗೆ ಬಿದ್ದ ರಾಸಾಯನಿಕದ ಹದಕ್ಕೂ ಇದೆ. ಒಂದೇ ಒಲೆಯ ಮೇಲೆ ಒಂದೇ ಹಿಟ್ಟಿನ ಎರಡು ದೋಸೆ ಬೇರೆ ಬೇರೆ ಬಣ್ಣಕ್ಕೆ ಬರುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಆ ಕಾಲಕ್ಕೆ ಇದು ದೋಷವೆಂದೇ ಲೆಕ್ಕ. ಗ್ರಾಹಕರು ವಾಚನ್ನು ಸರ್ವಿಸಿಗೆ ಕಳಿಸಿದಾಗ, ಬಣ್ಣಗೆಟ್ಟ ಡಯಲನ್ನು ತೆಗೆದು ಹೊಸ ಡಯಲ್ ಕೂರಿಸಿ ಕಳಿಸುವುದು ಒಳ್ಳೆಯ ಸೇವೆಯ ಲಕ್ಷಣವಾಗಿತ್ತು. ತೆಗೆದ ಡಯಲ್ ಬಹಳ ಸಲ ಮಾಲೀಕರಿಗೆ ಮರಳುತ್ತಲೇ ಇರಲಿಲ್ಲ. ಕಂದಿದ ಡಯಲ್ ಇಂದಿಗೂ ತನ್ನ ಮೂಲ ವಾಚಿನಲ್ಲೇ ಉಳಿದಿದೆ ಎಂದರೆ ಅದರ ಒಡೆಯರು ಆ ಬದಲಾವಣೆಗೆ ಒಪ್ಪಲಿಲ್ಲ, ಅಥವಾ ವಾಚನ್ನು ಸರ್ವಿಸಿಗೇ ಒಯ್ಯದೆ ಪೆಟ್ಟಿಗೆಯೊಳಗೆ ಮರೆತರು ಎಂದರ್ಥ. ಇಂದಿನ ಬೆಲೆಯ ಬೇರು ಇರುವುದು ಈ ವಿರಳತೆಯಲ್ಲಿ. ಬಣ್ಣದ ಚೆಲುವು ಕಣ್ಣಿಗೆ ಬಿದ್ದದ್ದು ತಡವಾಗಿ. ಅದಕ್ಕೆ ಮೊದಲು ಮನಸೋತವರಲ್ಲಿ ಇಟಲಿಯ ಸಂಗ್ರಾಹಕರು ಮುಂದಿದ್ದರು.

ಕಂದಿದ ಡಯಲ್‌ಗಳೆಲ್ಲಕ್ಕೂ ಒಂದೇ ಬೆಲೆಯಿಲ್ಲ. ಬಣ್ಣ ಅಂಚಿನಿಂದ ಅಂಚಿಗೆ ಸಮನಾಗಿ ತಿರುಗಿರಬೇಕು, ಬಂಗಾರದ ಅಕ್ಷರಗಳು ಕರಗದೆ ಉಳಿದಿರಬೇಕು, ಲ್ಯಾಕರ್ ಗುಳ್ಳೆ ಏಳದೆ ನುಣುಪಾಗಿರಬೇಕು. ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ವಾಚು, ಆದರೆ ಒಳಗಿನ ಪುಟ್ಟ ಡಯಲ್‌ಗಳೂ ದೊಡ್ಡದರ ಜೊತೆ ಹೊಂದಿಕೊಂಡಿರಬೇಕು. ಒಂದು ಬದಿ ಕಂದಿ ಇನ್ನೊಂದು ಬದಿ ಕಪ್ಪಾಗಿ, ನಡುವೆ ಮೋಡ ಕವಿದಂತಿದ್ದರೆ ಅದಕ್ಕೂ ಕೊಳ್ಳುವವರು ಸಿಗುತ್ತಾರೆ; ಆದರೆ ಆಗ ಹೆಚ್ಚುವರಿ ಬೆಲೆಯ ಮಾತು ನಿಂತು ರಿಯಾಯಿತಿಯ ಮಾತು ಶುರುವಾಗುತ್ತದೆ.

ಇದೇ ಜಾತಿಯ ಇನ್ನೆರಡು ಮುಪ್ಪುಗಳನ್ನು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇನೆ. 1990ರ ದಶಕದ ನಡುವಿನ ಕೆಲವು ರೋಲೆಕ್ಸ್ ಡೇಟೋನಾ 16520 ವಾಚುಗಳಲ್ಲಿ, ಒಳಡಯಲ್‌ಗಳ ಬೆಳ್ಳಿಯ ಉಂಗುರಗಳು ಕಂದು ಬಣ್ಣಕ್ಕೆ ತಿರುಗಿದವು. ಜಾಪೋನ್ ಎಂಬ ಸಾವಯವ ವಾರ್ನಿಶ್ ಬೆಳ್ಳಿಯನ್ನು ಗಾಳಿಯಿಂದ ಸರಿಯಾಗಿ ಕಾಪಾಡದೆ ಹೋದದ್ದು ಇದಕ್ಕೆ ಕಾರಣ. ಹರಾಜು ಲೋಕದ ಒಸ್ವಾಲ್ಡೊ ಪಾಟ್ರಿಝಿ ಇದನ್ನು ಗುರುತಿಸಿ ಹೇಳಿದ್ದರಿಂದ ಆ ಡಯಲ್‌ಗೆ ಅವರ ಹೆಸರೇ ಬಂತು, ಹೆಸರು ಬಂದ ಮೇಲೆ ಬೆಲೆಯೂ ಬಂತು. ಅದಕ್ಕಿಂತ ತುಸು ಹಿಂದೆ, 1980ರ ದಶಕದಲ್ಲಿ ರೋಲೆಕ್ಸ್ ಮಂದ ಮೈಯ ಡಯಲ್‌ಗಳಿಂದ ಹೊಳಪು ಡಯಲ್‌ಗಳಿಗೆ ಹೊರಳಿದಾಗ, ಕೆಲವು ಡಯಲ್‌ಗಳ ಲ್ಯಾಕರ್ ಜೇಡರ ಬಲೆಯಂತೆ ಬಿರುಕುಬಿಟ್ಟಿತು. ಇವನ್ನು ಸ್ಪೈಡರ್ ಡಯಲ್ ಎನ್ನುತ್ತಾರೆ, ಮೆಚ್ಚುವವರೂ ಇದ್ದಾರೆ. ಆದರೆ ಕಂದುವಿಕೆ ಬಣ್ಣದ ಬದಲಾವಣೆಯಾದರೆ ಬಿರುಕು ಪದರದ ಒಡಕು. ಒಡೆದ ಲ್ಯಾಕರ್ ನಾಳೆ ಚಕ್ಕೆಯಾಗಿ ಎದ್ದು ಮುಳ್ಳಿಗೆ ಸಿಕ್ಕಿಕೊಳ್ಳಲೂಬಹುದು. ಅದಕ್ಕೆ ಹೆಚ್ಚು ಹಣ ಕೊಡಲು ನನಗಂತೂ ಕೈ ಬರುವುದಿಲ್ಲ.

ಡಯಲ್‌ನ ವಯಸ್ಸನ್ನು ಎಲ್ಲಕ್ಕಿಂತ ನಿಖರವಾಗಿ ಹೇಳುವುದು ಕತ್ತಲಲ್ಲಿ ಹೊಳೆಯಲೆಂದು ಹಚ್ಚಿದ ಬಣ್ಣ. ಸಂಗ್ರಾಹಕರು ಅದನ್ನು ಚಿಕ್ಕದಾಗಿ ಲ್ಯೂಮ್ ಎನ್ನುತ್ತಾರೆ. 20ನೆಯ ಶತಮಾನದ ಆರಂಭದಿಂದ 60ರ ದಶಕದವರೆಗೆ ಅದರಲ್ಲಿ ಇದ್ದದ್ದು ರೇಡಿಯಂ ಮತ್ತು ಸತುವಿನ ಸಲ್ಫೈಡ್‌ನ ಮಿಶ್ರಣ. ರೇಡಿಯಂ ಸಿಡಿಸುವ ಕಣಗಳು ಸಲ್ಫೈಡ್‌ಗೆ ಬಡಿದಾಗ ಬೆಳಕು ಹೊಮ್ಮುತ್ತದೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ, ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತ ಈ ಬಣ್ಣ ಬಳಿದ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆ ಕೊಳೆತು ಸತ್ತ ಕಥೆ ಈ ಪದಾರ್ಥದ ಜೊತೆಗೇ ನಡೆದು ಬಂದಿದೆ. ರೇಡಿಯಂನ ಅರ್ಧಾಯು ಸುಮಾರು 1600 ವರ್ಷ. ನೂರು ವರ್ಷ ಕಳೆದರೂ ಅದರಲ್ಲಿ ಕರಗುವುದು ನೂರಕ್ಕೆ ನಾಲ್ಕು ಪಾಲಿನಷ್ಟು ಮಾತ್ರ. ಹಾಗಿದ್ದೂ ಅಜ್ಜನ ವಾಚು ಇಂದು ಕತ್ತಲಲ್ಲಿ ಹೊಳೆಯದಿರಲು ಕಾರಣ, ದಶಕಗಳ ಕಾಲ ಹೊಡೆತ ತಿಂದು ಸತುವಿನ ಸಲ್ಫೈಡ್ ಸತ್ತುಹೋಗಿರುವುದು. ದೀಪದ ಎಣ್ಣೆ ತುಂಬಿಯೇ ಇದೆ, ಬತ್ತಿ ಉರಿದುಹೋಗಿದೆ. ಆದ್ದರಿಂದ 1940ರ ದಶಕದ್ದೆಂದು ಹೇಳುವ ವಾಚು ದೀಪ ಆರಿಸಿದ ಕೋಣೆಯಲ್ಲಿ ಹಸಿರಾಗಿ ಬೆಳಗಿದರೆ ಹಿಗ್ಗುವ ಬದಲು ಅನುಮಾನಿಸಬೇಕು. ಯಾರೋ ಈಚೆಗೆ ಹೊಸ ಲ್ಯೂಮ್ ತುಂಬಿದ್ದಾರೆ.

ಆಮೇಲೆ ಬಂದದ್ದು ಟ್ರಿಟಿಯಂ. ಇದರ ವಿಕಿರಣ ಬಹಳ ಮೆತ್ತಗಿನದು, ವಾಚಿನ ಗಾಜನ್ನು ದಾಟಿ ಬರಲಾರದಷ್ಟು. ಅರ್ಧಾಯು 12.3 ವರ್ಷ. 1970ರಲ್ಲಿ ತಯಾರಾದ ವಾಚಿನಲ್ಲಿ 2019ರ ಹೊತ್ತಿಗೆ ನಾಲ್ಕು ಅರ್ಧಾಯುಗಳು ಕಳೆದು, ಮೊದಲಿದ್ದ ಟ್ರಿಟಿಯಂನ ಹದಿನಾರನೆಯ ಒಂದು ಪಾಲಷ್ಟೇ ಉಳಿದಿರುತ್ತದೆ. ಟ್ರಿಟಿಯಂ ಇದ್ದ ಸ್ವಿಸ್ ಡಯಲ್‌ಗಳ ಕೆಳಗಿನ ಅಂಚಿನಲ್ಲಿ, 6 ಗಂಟೆಯ ಗುರುತಿನ ಅಡಿಯಲ್ಲಿ, ಸ್ವಿಸ್ ಎಂಬ ಪದದ ಅಕ್ಕಪಕ್ಕ ಪುಟ್ಟದಾಗಿ ‘ಟಿ’ ಅಕ್ಷರ ಇರುತ್ತದೆ. ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ವಿಕಿರಣವಿಲ್ಲದ ಲ್ಯೂಮಿನೋವಾ ಕಂಡುಹಿಡಿದ ಮೇಲೆ ಆ ದಶಕದ ಕೊನೆಯ ಹೊತ್ತಿಗೆ ಟ್ರಿಟಿಯಂ ಬಣ್ಣ ಹಿಂದೆ ಸರಿಯಿತು, ಅದರ ಜೊತೆಗೆ ‘ಟಿ’ ಅಕ್ಷರವೂ ಮಾಯವಾಯಿತು. ಬೆಲೆಯ ದೃಷ್ಟಿಯಿಂದ ಈ ಒಂದು ಅಕ್ಷರ ಬಹಳ ದೊಡ್ಡದು. ವಾಚಿನ ಪೆಟ್ಟಿಗೆಯ, ಅಂದರೆ ಲೋಹದ ಹೊರಕವಚದ, ಮೇಲಿನ ಸಂಖ್ಯೆ 1970ರದ್ದು, ಡಯಲ್ ಮೇಲೆ ಹೊಳೆಯುವ ಗುರುತುಗಳಿವೆ, ಆದರೆ ಕೆಳಗೆ ‘ಸ್ವಿಸ್ ಮೇಡ್’ ಎಂದಷ್ಟೇ ಇದೆ ಎಂದಾದರೆ, ಆ ಡಯಲ್ ಬಹುಮಟ್ಟಿಗೆ 90ರ ದಶಕದ ನಂತರ ಸರ್ವಿಸಿನಲ್ಲಿ ಕೂರಿಸಿದ್ದು. ಅಸಲಿ ಕಂಪನಿಯದೇ ಡಯಲ್, ಕಣ್ಣಿಗೆ ಚೊಕ್ಕಟವಾಗಿಯೂ ಇರುತ್ತದೆ. ಆದರೂ ಆ ವಾಚಿನ ಬೆಲೆ ಮಾಸಿದ ಮೂಲ ಡಯಲ್ ಇರುವ ವಾಚಿನ ಹತ್ತಿರ ಸುಳಿಯುವುದಿಲ್ಲ.

ಲ್ಯೂಮ್ ಮುದಿಯಾದಂತೆ ಬಿಳಿಯಿಂದ ಕೆನೆಯ ಬಣ್ಣಕ್ಕೆ, ಅಲ್ಲಿಂದ ಬೆಲ್ಲದ ಬಣ್ಣಕ್ಕೆ ಇಳಿಯುತ್ತದೆ. ತೇವ ಹೊಕ್ಕರೆ ಅದೇ ಲ್ಯೂಮ್ ಬೂಸಲು ಹಿಡಿದಂತೆ ಕಪ್ಪು ಹಸಿರಾಗಿ, ಒಡೆದು ಪುಡಿಯಾಗುತ್ತದೆ. ಕೆನೆ ಬಣ್ಣಕ್ಕೆ ಹೆಚ್ಚು ಹಣ ಸಿಗುತ್ತದೆ, ಬೂಸಲು ಬಣ್ಣಕ್ಕೆ ಕಡಿಮೆ. ಮುಳ್ಳುಗಳ ಲ್ಯೂಮ್ ಡಯಲ್‌ನ ಲ್ಯೂಮ್‌ಗೆ ಹೊಂದುತ್ತದೆಯೇ ಎಂಬುದು ಇದಕ್ಕಿಂತ ಸೂಕ್ಷ್ಮ ಪ್ರಶ್ನೆ. ಎರಡಕ್ಕೂ ಬೇರೆ ಕೈಯಲ್ಲಿ, ಬೇರೆ ಸಲ ಕಲಸಿದ ಬಣ್ಣ ಬಿದ್ದಿರುವುದರಿಂದ ತುಸು ವ್ಯತ್ಯಾಸ ಸಹಜ. ಡಯಲ್ ಬೆಲ್ಲದಂತಿದ್ದು ಮುಳ್ಳುಗಳು ಹಾಲಿನಂತಿದ್ದರೆ ಮುಳ್ಳುಗಳು ಬದಲಾಗಿವೆ. ಪರೀಕ್ಷೆಗೆ ನೋಟು ನೋಡುವ ಸಣ್ಣ ನೇರಳಾತೀತ ಟಾರ್ಚೊಂದು ಸಾಕು. ಹಳೆಯ ಟ್ರಿಟಿಯಂ ಬಣ್ಣ ಟಾರ್ಚಿನ ಬೆಳಕು ಬಿದ್ದಷ್ಟು ಹೊತ್ತು ಮಿನುಗಿ, ಟಾರ್ಚ್ ಆರಿದ ಕೂಡಲೇ ಮಂಕಾಗುತ್ತದೆ. ಹೊಸ ಲ್ಯೂಮಿನೋವಾ ಆಮೇಲೂ ಬಹಳ ಹೊತ್ತು ಹೊಳೆಯುತ್ತಲೇ ಇರುತ್ತದೆ. ಹನ್ನೆರಡು ಗುರುತುಗಳಲ್ಲಿ ಹತ್ತು ಒಂದು ರೀತಿ, ಎರಡು ಮಾತ್ರ ಇನ್ನೊಂದು ರೀತಿ ವರ್ತಿಸಿದರೆ ಆ ಎರಡಕ್ಕೆ ಯಾರೋ ಕೈ ಹಾಕಿದ್ದಾರೆ.

ರೇಡಿಯಂ ವಾಚುಗಳಲ್ಲಿ ಇನ್ನೊಂದು ವಿಚಿತ್ರ ಕಾಣಸಿಗುತ್ತದೆ. ವಾಚು ನಿಂತು ಹತ್ತಾರು ವರ್ಷ ಡ್ರಾಯರಿನಲ್ಲಿ ಮಲಗಿದ್ದರೆ, ಮುಳ್ಳುಗಳಿಗೆ ಹಚ್ಚಿದ ರೇಡಿಯಂ ತನ್ನ ಕೆಳಗಿನ ಡಯಲನ್ನು ಸುಡುತ್ತದೆ. ಮುಳ್ಳು ಸರಿಸಿ ನೋಡಿದಾಗ ಅದೇ ಆಕಾರದ ಕಂದು ನೆರಳು ಡಯಲ್ ಮೇಲೆ ಉಳಿದಿರುತ್ತದೆ, ವಾಚು ಯಾವ ಗಂಟೆಗೆ ನಿಂತಿತೆಂದು ಓದಿಕೊಳ್ಳುವಷ್ಟು ಸ್ಪಷ್ಟವಾಗಿ. ಕೆಲವರು ಇದನ್ನು ಕಲೆ ಎಂದು ಬೆಲೆ ತಗ್ಗಿಸುತ್ತಾರೆ. ಡಯಲ್ ಮತ್ತು ಮುಳ್ಳು ಅಷ್ಟೂ ಕಾಲ ಒಟ್ಟಿಗೇ ಇದ್ದವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟವೆಂದು ನನ್ನ ಎಣಿಕೆ.

ಬೆಳ್ಳಿ ಡಯಲ್‌ಗಳ ಕಥೆ ಇಷ್ಟು ರಮ್ಯವಲ್ಲ. ಬೆಳ್ಳಿಯ ಲೋಟ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ವಾರ್ನಿಶ್ ಸವೆದ ಕಡೆ ಡಯಲ್ ಕೂಡ ಹಾಗೆಯೇ ಕಪ್ಪಾಗುತ್ತದೆ. ಅದಕ್ಕಿಂತ ದೊಡ್ಡ ಶತ್ರು ನೀರು. ಕೀ ಕೊಡುವ ತಿರುಪಿನ ಒಳಗಿನ ವಾಷರ್ ಒಣಗಿದರೆ ಬೆವರು, ಕೈ ತೊಳೆದ ನೀರು, ಮಳೆಗಾಲದ ತೇವ ಆ ಸಂದಿನಿಂದಲೇ ಒಳಗೆ ನುಸುಳುತ್ತದೆ. ಹಾಗಾಗಿ ನೀರಿನ ಕಲೆ 3 ಗಂಟೆಯ ಬದಿಯಲ್ಲಿ ಹುಟ್ಟಿ ಅಂಚಿನುದ್ದಕ್ಕೂ ಹಬ್ಬಿರುವುದು ಸಾಮಾನ್ಯ. ಮಂಗಳೂರು, ಕಾರವಾರದ ಕಡೆ ತೊಟ್ಟು ಬಾಳಿಸಿದ ವಾಚಿನ ಡಯಲ್‌ಗೂ ಬಯಲುಸೀಮೆಯ ವಾಚಿನ ಡಯಲ್‌ಗೂ ಇರುವ ವ್ಯತ್ಯಾಸವನ್ನು ರಿಪೇರಿ ಮಾಡುವವರು ನೋಡಿದ ಕೂಡಲೇ ಹೇಳಬಲ್ಲರು. ಈ ಕಲೆ ಬೆಲೆ ತಗ್ಗಿಸಲು ಅದರ ಅಂದಗೇಡಿತನ ಒಂದೇ ಕಾರಣವಲ್ಲ. ಡಯಲ್‌ಗೆ ನೀರು ತಾಕಿದ್ದರೆ ಅದರ ಬೆನ್ನ ಹಿಂದಿರುವ ಉಕ್ಕಿನ ಚಕ್ರಗಳಿಗೂ ತಾಕಿರುತ್ತದೆ, ಮುಂದಿನ ಖರ್ಚು ಎಷ್ಟೆಂದು ಬಿಚ್ಚುವವರೆಗೆ ಗೊತ್ತಾಗುವುದಿಲ್ಲ. ಇಡೀ ಡಯಲ್‌ಗೆ ಸಮನಾಗಿ ಹರಡಿದ ತೆಳು ಹಳದಿ ಮಾತ್ರ ವಾರ್ನಿಶ್ಶಿನ ಮುಪ್ಪು, ಅದನ್ನು ಮಾರುಕಟ್ಟೆ ಸಹಿಸುತ್ತದೆ, ಕೆಲವೊಮ್ಮೆ ಮೆಚ್ಚುತ್ತದೆ. ಇವೆಲ್ಲವನ್ನೂ ಮೀರಿ ನಿಲ್ಲುವುದು ಕುಲುಮೆಯಲ್ಲಿ ಬೇಯಿಸಿದ ಎನಾಮೆಲ್ ಡಯಲ್. ಅದು ಗಾಜಿನ ಜಾತಿ, ಕಂದುವುದಿಲ್ಲ, ಹಳದಿಯಾಗುವುದಿಲ್ಲ. ಆದರೆ ಬಿದ್ದರೆ ಕೂದಲೆಳೆಯ ಬಿರುಕು ಬಿಡುತ್ತದೆ, ಆ ಒಂದೆಳೆ ಬಿರುಕಿಗೇ ಬೆಲೆ ಕುಸಿಯುತ್ತದೆ.

ಕಲೆ ಕಂಡ ಕೂಡಲೇ ಒರೆಸಬೇಕೆನ್ನಿಸುವುದು ನಮ್ಮೆಲ್ಲರ ಗುಣ, ಡಯಲ್‌ನ ವಿಷಯದಲ್ಲಿ ಅದೇ ಮುಳುವು. ಪಾಟೆಕ್ ಫಿಲಿಪ್ ಕಂಪನಿಯ ಹಿಂದಿನ ಉತ್ತಮ ಡಯಲ್‌ಗಳಲ್ಲಿ ಅಕ್ಷರಗಳನ್ನು ಬೆಳ್ಳಿಯ ಬಿಲ್ಲೆಯಲ್ಲಿ ಕೆತ್ತಿ, ಆ ಗೀರುಗಳಲ್ಲಿ ಎನಾಮೆಲ್ ಪುಡಿ ತುಂಬಿ ಸುಡುತ್ತಿದ್ದರು. ಹೀಗಾಗಿ ಅವು ಜಾಗರೂಕತೆಯ ಶುಚಿಯನ್ನು ತಾಳಿಕೊಳ್ಳುತ್ತವೆ. ಪದೇ ಪದೇ ತೊಳೆದರೆ ಮಾತ್ರ ಉಬ್ಬಿದ ಅಕ್ಷರಗಳು ತಗ್ಗುತ್ತ ಬಂದು, ಜಿನೀವಾ ನಗರದ ಹೆಸರನ್ನು ಫ್ರೆಂಚಿನಲ್ಲಿ ಬರೆಯುವಾಗ ನಡುವಿನ ಅಕ್ಷರದ ತಲೆಯ ಮೇಲೆ ಬರುವ ಓರೆಗೆರೆ ಅಳಿದುಹೋಗುತ್ತದೆ. ಎಳ್ಳಿನ ತುದಿಗಿಂತ ಚಿಕ್ಕದಾದ ಆ ಗೆರೆ ಇದೆಯೇ ಎಂದು ಭೂತಗನ್ನಡಿಯಲ್ಲಿ ಹುಡುಕಿದ ಮೇಲೆಯೇ ಕೆಲವರು ಬೆಲೆಯ ಮಾತಿಗೆ ಕೂರುತ್ತಾರೆ.

ತೊಳೆಯುವುದಕ್ಕಿಂತ ಒಂದು ಹೆಜ್ಜೆ ಮುಂದಿನದು ಹಳೆಯ ಬಣ್ಣವನ್ನು ಕೆರೆದು ಹೊಸದಾಗಿ ಬಳಿದು ಅಚ್ಚು ಹಾಕುವ ರೀಡಯಲ್. ಇಲ್ಲಿ ನಮ್ಮ ನಾಡಿನ ವಾಚುಗಳು ನೇರವಾಗಿ ಕಥೆಯೊಳಗೆ ಬರುತ್ತವೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಸತೊಡಗಿದ ಎಚ್‌ಎಂಟಿ, ಜನತಾ, ಪೈಲಟ್, ಕಾಂಚನ್, ಕೊಹಿನೂರ್ ಮುಂತಾದ ಹೆಸರುಗಳಲ್ಲಿ ದೇಶದ ಮಣಿಕಟ್ಟುಗಳನ್ನು ತುಂಬಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿದ ಮೇಲೆ ಅದರ ವಾಚುಗಳನ್ನು ಹುಡುಕುವವರು ಹೆಚ್ಚಾದರು. ಆದರೆ ನಮ್ಮಲ್ಲಿ ವಾಚು ಸಂಗ್ರಹದ ವಸ್ತುವಾಗಿರಲಿಲ್ಲ. ಮದುವೆಯ ಉಡುಗೊರೆಯೋ ನಿವೃತ್ತಿಯ ನೆನಪೋ ಆಗಿ ಬಂದು, ದಿನವೂ ಕೈಯಲ್ಲಿದ್ದು ಸವೆಯುತ್ತಿತ್ತು. ಮಾಸಿದಾಗ ಹೊಸದಾಗಿ ಕಾಣಿಸಬೇಕೆಂದು ಬಯಸುವುದು ನ್ಯಾಯವೇ. ಆ ಬಯಕೆಯಿಂದ ಡಯಲ್‌ಗೆ ಬಣ್ಣ ಬಳಿಯುವ ಒಂದು ಇಡೀ ಕಸುಬು ಬೆಳೆಯಿತು. ಎಚ್‌ಎಂಟಿ ಮಾತ್ರವಲ್ಲದೆ, ಭಾರತದಲ್ಲಿ ಹೆಚ್ಚು ಮಾರಾಟವಾಗಿದ್ದ ಫಾವ್ರ್ ಲೂಬಾ, ವೆಸ್ಟ್ ಎಂಡ್ ವಾಚುಗಳೂ ಕಿತ್ತಳೆ, ನೀಲಿ, ಗಿಳಿಹಸಿರು ಮುಖ ಹೊತ್ತು ವಿದೇಶಗಳಿಗೆ ಹೊರಟವು. ಹೊರಗಿನ ಸಂಗ್ರಾಹಕರು ಇಂಥ ವಾಚಿಗೆ ಇಟ್ಟ ಹೆಸರು ಮುಂಬೈ ಸ್ಪೆಷಲ್. ಹೊಗಳಿಕೆಯ ಹೆಸರಲ್ಲ.

ನಮ್ಮ ಮನೆಯಲ್ಲೂ ಒಂದು ಹೀಗೆಯೇ ಹೋಯಿತು. ಅಪ್ಪನ ಜನತಾ ವಾಚಿನ ಬಿಳಿ ಡಯಲ್ 4 ಗಂಟೆಯ ಬಳಿ ತುಸು ಹಳದಿಯಾಗಿತ್ತು, ಸರ್ವಿಸಿಗೆಂದು ಊರಿನ ಒಂದು ಅಂಗಡಿಗೆ ಕೊಟ್ಟೆ. “ಹೊಸದರ ಹಂಗೇ ಮಾಡಿಕೊಟ್ಟಿದೀನಿ ಸಾರ್” ಎಂದು ಹೇಳಿ ಅವರು ಮರಳಿಸಿದಾಗ ಡಯಲ್ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು. ಅವರ ಕೈಕೆಲಸಕ್ಕೆ ಪ್ರತ್ಯೇಕ ದುಡ್ಡನ್ನೂ ಕೇಳಲಿಲ್ಲ. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದರೆ ‘17 ಜ್ಯುವೆಲ್ಸ್’ ಎಂಬ ಸಾಲಿನ ಅಕ್ಷರಗಳ ಅಂಚು ಹೀರುಕಾಗದದ ಮೇಲಿನ ಶಾಯಿಯಂತೆ ಹಬ್ಬಿತ್ತು, ನಿಮಿಷದ ಗೀಟುಗಳು ಗಂಟೆಯ ಗುರುತಿಗೆ ಸರಿಯಾಗಿ ಎದುರಾಗದೆ ಒಂದು ಎಳೆಯಷ್ಟು ಪಕ್ಕಕ್ಕೆ ಸರಿದಿದ್ದವು, ಅಂಚಿನ ಕೆಳಗೆ ಇದ್ದ ಪುಟ್ಟ ಅಕ್ಷರಗಳು ಇರಲೇ ಇಲ್ಲ. ರೀಡಯಲ್ ಗುರುತಿಸಲು ಇವತ್ತಿಗೂ ನಾನು ನೋಡುವುದು ಈ ಮೂರನ್ನೇ. ಕಾರ್ಖಾನೆಯ ಅಚ್ಚು ಅಕ್ಷರಕ್ಕೆ ಚೂಪಾದ ಅಂಚಿರುತ್ತದೆ, ನಿಮಿಷದ ಗೀಟುಗಳು ಗಂಟೆಯ ಗುರುತಿಗೆ ಸರಿಯಾಗಿ ಎದುರಾಗಿರುತ್ತವೆ, ಕಾರ್ಖಾನೆ ಬರೆದ ಅತಿ ಸಣ್ಣ ಬರಹವೂ ತನ್ನ ಜಾಗದಲ್ಲಿರುತ್ತದೆ.

ಎಚ್‌ಎಂಟಿ ವಾಚಿನ ಡಯಲ್ ಚೆಂದವಾಗಿ ಕಂದಿದರೆ ರೋಲೆಕ್ಸ್‌ನಂತೆ ಬೆಲೆ ಏರುತ್ತದೆಯೇ ಎಂದು ಕೇಳುವವರಿದ್ದಾರೆ. ಏರುವುದಿಲ್ಲ, ಅಥವಾ ಏರಿದರೂ ನೂರಿನ್ನೂರು ರೂಪಾಯಿಯ ಮಾತು. ಮುಪ್ಪು ಬೆಲೆಯನ್ನು ಕೂಡುವ ಬದಲು ಗುಣಿಸುತ್ತದೆ. ಮೂಲ ವಾಚಿಗೇ ಲಕ್ಷಾಂತರ ರೂಪಾಯಿ ಕೊಡುವವರು ಸಾಲುಗಟ್ಟಿ ನಿಂತಿದ್ದಾಗ ಅಪರೂಪದ ಕಂದು ಬಣ್ಣ ಅದನ್ನು ಎರಡೋ ಮೂರೋ ಪಟ್ಟು ಮಾಡಬಲ್ಲದು. ಕೆಲವೇ ಸಾವಿರಕ್ಕೆ ಸಿಗುವ ವಾಚಿನಲ್ಲಿ ಗುಣಿಸಲು ಏನೂ ಇರುವುದಿಲ್ಲ. ಮೇಲಾಗಿ ಮಾರಾಟವಾಗದೆ ಉಳಿದಿದ್ದ ಹೊಚ್ಚಹೊಸ ಎಚ್‌ಎಂಟಿ ವಾಚುಗಳು ಕಾರ್ಖಾನೆ ನಿಂತ ಮೇಲೂ ಸಿಗುತ್ತಲೇ ಇದ್ದವು. ಹಾಗಾಗಿ ಇಲ್ಲಿ ಹೆಚ್ಚು ಬೆಲೆ ಸಿಗುವುದು ಯಾರೂ ಮುಟ್ಟದ, ಮೂಲ ಅಚ್ಚು ಉಳಿಸಿಕೊಂಡ ಡಯಲ್‌ಗೆ. ತುಸು ಹಳದಿಯಾಗಿದ್ದರೂ ಸರಿ, ಬಣ್ಣ ಬಳಿದದ್ದಕ್ಕಿಂತ ಅದು ಮೇಲು.

ಮುಪ್ಪಿಗೆ ಬೆಲೆ ಬಂದ ಮೇಲೆ ಮುಪ್ಪನ್ನು ತಯಾರಿಸುವವರೂ ಬರುತ್ತಾರೆ. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ, 1957ರ ಒಮೆಗಾ ಸ್ಪೀಡ್‌ಮಾಸ್ಟರ್ ವಾಚೊಂದು ಮಾರಾಟಕ್ಕೆ ಬಂತು. ಸ್ಪೀಡ್‌ಮಾಸ್ಟರ್‌ನ ಮೊಟ್ಟಮೊದಲ ಮಾದರಿ, ಡಯಲ್ ಹಾಲು ಹಾಕಿದ ಚಾಕೊಲೇಟಿನ ಬಣ್ಣಕ್ಕೆ ಸಮನಾಗಿ ತಿರುಗಿತ್ತು. ಅಂದಾಜು ಬೆಲೆ 80,000ದಿಂದ 1,20,000 ಸ್ವಿಸ್ ಫ್ರಾಂಕ್. ಕೊನೆಗೆ ಹೋದದ್ದು 31,15,500 ಫ್ರಾಂಕಿಗೆ. ಎರಡು ವರ್ಷ ಕಳೆಯುವ ಮೊದಲೇ, 2023ರಲ್ಲಿ, ಆ ವಾಚು ಬೇರೆ ಬೇರೆ ಹಳೆಯ ಒಮೆಗಾ ವಾಚುಗಳಿಂದ ತೆಗೆದ, ಬಹುಪಾಲು ಅಸಲಿಯೇ ಆದ ಭಾಗಗಳನ್ನು ಜೋಡಿಸಿ ಮಾಡಿದ್ದೆಂದು ಒಮೆಗಾ ಕಂಪನಿಯೇ ಹೇಳಿತು. ಇನ್ನೂ ನೋವಿನ ಸಂಗತಿಯೆಂದರೆ ಅದನ್ನು ಕೊಂಡದ್ದು ಒಮೆಗಾದ ಸ್ವಂತ ವಸ್ತುಸಂಗ್ರಹಾಲಯ, ಮತ್ತು ಇದರಲ್ಲಿ ತನ್ನ ಮೂವರು ಮಾಜಿ ಉದ್ಯೋಗಿಗಳ ಕೈವಾಡವಿತ್ತೆಂದು ಕಂಪನಿ ತಿಳಿಸಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ‘ಬಹುಪಾಲು ಅಸಲಿ’ ಎಂಬ ಮಾತು. ಡಯಲ್ ಹಳೆಯದೇ ಇರಬಹುದು, ಕಂದು ಬಣ್ಣವೂ ನಿಜವೇ ಇರಬಹುದು. ಆ ಡಯಲ್, ಆ ಮುಳ್ಳು, ಆ ಯಂತ್ರ, ಆ ಪೆಟ್ಟಿಗೆ 1957ರಿಂದಲೂ ಒಟ್ಟಿಗೆ ಇದ್ದವೆಂಬ ಭರವಸೆಗಾಗಿಯೇ ಮೂವತ್ತೊಂದು ಲಕ್ಷ ಫ್ರಾಂಕ್ ಕೊಟ್ಟಿದ್ದರು. ಭಾಗಗಳು ಬಹುಪಾಲು ಅಸಲಿಯಾಗಿದ್ದೂ ಜೋಡಣೆ ಸುಳ್ಳಾದಾಗ ಆ ಹಣಕ್ಕೆ ಆಧಾರವೇ ಉಳಿಯಲಿಲ್ಲ. ಡಯಲ್‌ನ ಬಣ್ಣಕ್ಕೆ ಭೂತಗನ್ನಡಿ ಹಿಡಿಯುವಷ್ಟೇ ಶ್ರದ್ಧೆಯಿಂದ ವಾಚಿನ ಹಿಂದಿನ ಒಡೆಯರ ಕಾಗದಪತ್ರ, ಹಳೆಯ ಫೋಟೋ, ಸರ್ವಿಸಿನ ರಸೀದಿಗಳನ್ನು ಕೇಳುವುದು ಅಂದಿನಿಂದ ಹೆಚ್ಚಾಗಬೇಕಿತ್ತು. ಎಷ್ಟು ಹೆಚ್ಚಾಯಿತೋ ಹೇಳಲು ಬರುವಂತಿಲ್ಲ. ಚೆಲುವಾದ ಕಂದು ಬಣ್ಣದ ಮುಂದೆ ಎಚ್ಚರ ಮಂಕಾಗುತ್ತದೆ.

ಇದಕ್ಕಿಂತ ಅಗ್ಗದ ಮೋಸವೆಂದರೆ ಡಯಲನ್ನು ಓವನ್ನಿನಲ್ಲಿಟ್ಟು ಬಿಸಿ ಮಾಡುವುದು, ನೇರಳಾತೀತ ದೀಪದ ಕೆಳಗೆ ವಾರಗಟ್ಟಲೆ ಇಡುವುದು, ಲ್ಯೂಮ್‌ಗೆ ಚಹಾ ಕಾಫಿಯ ಡಿಕಾಕ್ಷನ್ ಕುಡಿಸುವುದು. ಇವುಗಳನ್ನು ಹಿಡಿಯಲು ಡಯಲನ್ನು ಪೆಟ್ಟಿಗೆಯಿಂದ ಹೊರತೆಗೆಯಬೇಕು. ವಾಚು ಕೂಡಿದ್ದಾಗ ಡಯಲ್‌ನ ತೀರಾ ಹೊರಗಿನ ಅಂಚು ಪೆಟ್ಟಿಗೆಯ ಲೋಹದ ಉಂಗುರದ ಅಡಿಯಲ್ಲಿ ಅಡಗಿರುತ್ತದೆ, ಬಿಸಿಲು ಅಲ್ಲಿಗೆ ತಲುಪುವುದಿಲ್ಲ. ಬಿಸಿಲಿಗೆ ಕಂದಿದ ಡಯಲ್‌ನಲ್ಲಿ ಆ ಅಂಚು ಉಗುರಿನ ದಪ್ಪದ ಕಪ್ಪು ಬಳೆಯಾಗಿ ಉಳಿದಿರುವುದುಂಟು. ಓವನ್ನಿನ ಬಿಸಿಗೆ ಉಂಗುರದ ಮರೆ ಎಂಬುದಿಲ್ಲ. ಅಂಚಿನ ಕೊನೆಯವರೆಗೂ ಒಂದೇ ಕಂದು. ಡಯಲ್ ಗಾಢವಾಗಿ ಕಂದಿದ್ದೂ ಲ್ಯೂಮ್ ಮಾತ್ರ ಬೆಳ್ಳಗಿದ್ದರೆ, ಅಥವಾ ಲ್ಯೂಮ್ ಬೆಲ್ಲದಂತಾಗಿ ಅದರ ಸುತ್ತಲಿನ ಬಣ್ಣಕ್ಕೂ ಕಲೆ ಇಳಿದಿದ್ದರೆ, ಅದೂ ಪ್ರಶ್ನೆಗೆ ಎಡೆಕೊಡುತ್ತದೆ. ಇಷ್ಟೆಲ್ಲ ಆಸೆ ಇದೆಯೆಂದು ಕಂಡ ಕಂಪನಿಗಳು ಈಗ ಹೊಸ ವಾಚುಗಳಿಗೇ ಕೆನೆಬಣ್ಣದ ಲ್ಯೂಮ್ ಹಚ್ಚಿ ಮಾರುತ್ತಿವೆ. ಮುಚ್ಚುಮರೆ ಇಲ್ಲದ್ದರಿಂದ ಅದು ಮೋಸವಲ್ಲ, ಮರುಮಾರಾಟದಲ್ಲಿ ಅದಕ್ಕೆ ಮುಪ್ಪಿನ ಬೆಲೆಯೂ ಇಲ್ಲ.

ಮನೆಯ ಬೀರುವಿನಲ್ಲಿ ಹಳೆಯ ವಾಚು ಇರುವವರು ಅದನ್ನು ರಿಪೇರಿಗೆ ಕೊಡುವ ಮೊದಲು ಡಯಲ್‌ನ ಸ್ಪಷ್ಟವಾದ ಫೋಟೋ ತೆಗೆದಿಟ್ಟುಕೊಳ್ಳಬೇಕು. ಯಂತ್ರವನ್ನಷ್ಟೇ ಶುಚಿ ಮಾಡಿ, ಡಯಲ್ ಮತ್ತು ಮುಳ್ಳುಗಳನ್ನು ಒರೆಸುವುದೂ ಬೇಡ ಎಂದು ರಸೀದಿಯ ಮೇಲೆಯೇ ಬರೆಸಬೇಕು. ಬದಲಿಸಲೇಬೇಕಾದ ಸಂದರ್ಭ ಬಂದರೆ ತೆಗೆದ ಡಯಲನ್ನು ಕೇಳಿ ಪಡೆದು ವಾಚಿನ ಜೊತೆಗೇ ಇಡಬೇಕು. ಮುಂದೆ ಮಾರುವಾಗ ಆ ಪುಟ್ಟ ಬಿಲ್ಲೆಗೆ ಉಳಿದ ವಾಚಿಗಿಂತ ಹೆಚ್ಚು ಬೆಲೆ ಬರುವುದೂ ಇದೆ. ರೇಡಿಯಂ ಇರಬಹುದೆಂಬ ಅನುಮಾನವಿದ್ದರೆ ಕುತೂಹಲಕ್ಕೆಂದು ಬೆನ್ನು ಬಿಚ್ಚಿ ಲ್ಯೂಮ್ ಕೆರೆಯಬಾರದು. ಮುಚ್ಚಿದ ವಾಚಿಗಿಂತ ಗಾಳಿಯಲ್ಲಿ ಹಾರಿ ಉಸಿರಿನ ಜೊತೆ ಒಳಹೋಗುವ ಆ ಪುಡಿ ಹೆಚ್ಚು ಅಪಾಯಕಾರಿ, ಮತ್ತು ರೇಡಿಯಂ ಕರಗುತ್ತ ರೇಡಾನ್ ಅನಿಲವನ್ನೂ ಬಿಡುವುದರಿಂದ ಅಂಥ ವಾಚುಗಳನ್ನು ಮಲಗುವ ಕೋಣೆಯ ಮುಚ್ಚಿದ ಪೆಟ್ಟಿಗೆಯಲ್ಲಿ ಹತ್ತಾರು ಸೇರಿಸಿ ಇಡುವುದೂ ಒಳ್ಳೆಯದಲ್ಲ. ಅಪ್ಪನ ಜನತಾ ವಾಚಿನ ಹಳೆಯ ಬಣ್ಣ ಅಂಗಡಿಯ ಮೇಜಿನ ಮೇಲೆ ಪುಡಿಯಾಗಿ ಉದುರಿಹೋಯಿತು. ಅದರ ಒಂದು ಫೋಟೋ ಕೂಡ ನಾನು ತೆಗೆದಿರಲಿಲ್ಲ.